ಹುಡುಗರು ಕಟ್ಟಿಕೊಟ್ಟ ಸಾಫ್ಟ್‌ವೇರ್, ಅವರು ಹೋದ ಮೇಲೆ ಯಾರದು?

ಕಳೆದ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತಿದು. ಆ ಹೊತ್ತಿಗೆ ಲೋಕಲ್ ರೈಲಿನಲ್ಲಿ ನಿಂತಿದ್ದು ಕೇಳಲಾಗದವರಿಗಾಗಿ ಇಲ್ಲಿ ಬರಹದಲ್ಲಿ ಕೊಡುತ್ತಿದ್ದೇನೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ 'ಫೈನಲ್ ಇಯರ್ ಪ್ರಾಜೆಕ್ಟ್' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಾಲ್ಕೈದು ಮಂದಿ ಸೇರಿ ಒಂದು ಸಾಫ್ಟ್‌ವೇರ್ ಮಾಡಬೇಕು, ವರದಿಗೆ ಬೈಂಡ್ ಹಾಕಿಸಬೇಕು, ಪರೀಕ್ಷಕರ ಮುಂದೆ ತೋರಿಸಬೇಕು. ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟೇ ಸಿಗುವ ಅಂಗಡಿಗಳೂ ಇವೆ. ಅಂಥದ್ದರಲ್ಲಿ, ನಿಜವಾಗಿ ಬಳಸುವವರಿಗೇ ಏನಾದರೂ ಮಾಡಿಕೊಡುತ್ತೇವೆ ಎಂದು ಹೊರಡುವ ಹುಡುಗರನ್ನು ಕಂಡರೆ ಯಾರಿಗಾದರೂ ಸಂತೋಷವೇ. ನನಗೂ ಆಗಿತ್ತು.

ಮುಂಬಯಿಯ ಉಪನಗರವೊಂದರಲ್ಲಿ ಕನ್ನಡ ಸಂಘದ ಪುಟ್ಟ ಗ್ರಂಥಾಲಯವಿದೆ. ಅದನ್ನು ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ 'ಮಾಸ್ತರರು' ಎಂದೇ ಕರೆಯುವುದು. ಕೆಲವು ವರ್ಷಗಳ ಹಿಂದೆ ನಾಲ್ವರು ವಿದ್ಯಾರ್ಥಿಗಳು ಆ ಗ್ರಂಥಾಲಯಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟರು. ಉದ್ಘಾಟನೆಯಾಯಿತು, ಹಾರ ಹಾಕಿದರು, ಉಪ್ಪಿಟ್ಟು ಕೇಸರಿಬಾತ್ ಆಯಿತು. ಆ ಸುದ್ದಿಯನ್ನು ಉತ್ಸಾಹದಿಂದ ಓದಿದ್ದು ನಾನೇ. ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಒಮ್ಮೆ ಕಾರ್ಯಕ್ರಮಕ್ಕೆಂದು ಹಳೆಯ ಪುಸ್ತಕ ಹುಡುಕಿಕೊಂಡು ಹೋದರೆ, ಕಂಪ್ಯೂಟರಿನ ಮೇಲೆ ಬಟ್ಟೆ ಹೊದೆಸಿತ್ತು. ಮಾಸ್ತರರು ಹಳೆಯ ರಿಜಿಸ್ಟರಿನಲ್ಲೇ ಬರೆಯುತ್ತಿದ್ದರು. "ಏನಾಯಿತು ಮಾಸ್ತರೇ?" ಎಂದೆ. "ಹುಡುಗರು ಒಳ್ಳೆಯವರೇ ಕಣಮ್ಮಾ. ಪಾಸ್‌ವರ್ಡ್ ಒಬ್ಬನ ಹತ್ತಿರ ಇತ್ತು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು" ಎಂದರು. ಅಷ್ಟೇ!

ಕೆಟ್ಟದ್ದು ಪಾಸ್‌ವರ್ಡಿನಿಂದ ಮಾತ್ರವಲ್ಲ. ಹುಡುಗರು ಮನೆಯಲ್ಲಿ ಕನ್ನಡ ಮಾತಾಡುವವರೇ, ಆದರೆ ಓದಲು ಬಾರದು. ಹಾಗಾಗಿ ಲೇಖಕರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸಿದ್ದರು. ಕಾರಂತ ಎಂಬ ಹೆಸರಿನ ಕೊನೆಗೆ ಒಬ್ಬ 'ಎಚ್' ಹಾಕಿದ್ದ, ಇನ್ನೊಬ್ಬ ಬಿಟ್ಟಿದ್ದ, ಮತ್ತೊಬ್ಬ 'ಎ' ಸೇರಿಸಿದ್ದ. ಕಾರಂತರ ಪುಸ್ತಕ ಕಪಾಟಿನಲ್ಲಿದ್ದರೂ ಕಂಪ್ಯೂಟರ್ 'ಇಲ್ಲ' ಎನ್ನುತ್ತಿತ್ತು. ಸಂಘದ ಹಳೆಯ ಪಟ್ಟಿ ಮೊದಲ ಕಾಲದ ಕನ್ನಡ ಫಾಂಟಿನಲ್ಲಿತ್ತು. ಅಂಥದ್ದನ್ನು ಯೂನಿಕೋಡಿಗೆ ಪರಿವರ್ತಿಸದೆ ನೇರವಾಗಿ ಹಾಕಿದರೆ ಅಕ್ಷರಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಇನ್ನು ಮಾಸ್ತರರಿಗೆ ಬೇಕಾಗಿದ್ದು ಒಂದೇ: ಪುಸ್ತಕ ಯಾರ ಮನೆಯಲ್ಲಿ ಉಳಿದಿದೆ, ಅವರ ಫೋನ್ ನಂಬರ್ ಏನು? ಹುಡುಗರು ಕೊಟ್ಟದ್ದು ಬಣ್ಣಬಣ್ಣದ ನಕ್ಷೆಗಳು. ತಪ್ಪು ಯಾರದೆನ್ನೋಣ? ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಈ ಕಷ್ಟ ನಮ್ಮೊಬ್ಬರದಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ 'ಎಪಿಕ್ಸ್' ಎಂಬ ಕಾರ್ಯಕ್ರಮ ಶುರುವಾಯಿತು. ಲಿಯಾ ಜೇಮಿಸನ್ ಮತ್ತು ಎಡ್ವರ್ಡ್ ಕಾಯ್ಲ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿ ತಂಡಗಳನ್ನು ಊರಿನ ಸೇವಾ ಸಂಸ್ಥೆಗಳೊಂದಿಗೆ ಜೋಡಿಸಿದರು. ಅದರಲ್ಲೊಂದು ತಂಡದ ಕೆಲಸ ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆಗಳಿಗಾಗಿ. ಒಬ್ಬನೇ ಮನುಷ್ಯ ಒಂದು ಕಡೆ ಊಟಕ್ಕೆ, ಇನ್ನೊಂದು ಕಡೆ ಮಲಗಲು ಹೋದರೆ ಲೆಕ್ಕದಲ್ಲಿ ಇಬ್ಬರಾಗಿಬಿಡುತ್ತಾನೆ. ಸಂಸ್ಥೆಗಳ ಮಾಹಿತಿ ಒಂದಕ್ಕೊಂದು ಸೇರಬೇಕು, ಆದರೆ ಆ ಮನುಷ್ಯನ ಗುಟ್ಟು ಬಯಲಾಗಬಾರದು. ಇದು ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸವೇ?

ಅದಕ್ಕೇ ಅವರೊಂದು ಉಪಾಯ ಮಾಡಿದರು. ಒಂದೇ ತಂಡದಲ್ಲಿ ಮೊದಲ ವರ್ಷದವರೂ ಇರುತ್ತಾರೆ, ಕೊನೆಯ ವರ್ಷದವರೂ ಇರುತ್ತಾರೆ. ಹಿರಿಯರು ಪಾಸಾಗಿ ಹೋದರೆ ಕಿರಿಯರು ಮುಂದುವರಿಸುತ್ತಾರೆ. ವಿದ್ಯಾರ್ಥಿಗಳು ಬದಲಾಗುತ್ತಾರೆ, ತಂಡ ಉಳಿಯುತ್ತದೆ. ನಮ್ಮ ಯಕ್ಷಗಾನ ಮೇಳದ ಹಾಗೆಯೇ ಅನ್ನಿ. ಇಂದು ಕೋಡಂಗಿ ವೇಷ ಕಟ್ಟಿದ ಹುಡುಗ ನಾಳೆ ದೊಡ್ಡ ವೇಷಕ್ಕೆ ಬರುತ್ತಾನೆ, ಮೇಳ ನಿಲ್ಲುವುದಿಲ್ಲ. ಈ ಕೆಲಸಕ್ಕೆ 2005ರಲ್ಲಿ ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯ ಗಾರ್ಡನ್ ಪ್ರಶಸ್ತಿ ಬಂತು.

ಇನ್ನೊಬ್ಬರನ್ನೂ ನೆನೆಯಬೇಕು. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾರಿ ಬೋಹ್ಮ್. 2022ರಲ್ಲಿ ತೀರಿಕೊಂಡ ಇವರು ಸಾಫ್ಟ್‌ವೇರ್ ಕಟ್ಟುವ 'ಸುರುಳಿ ಮಾದರಿ'ಯಿಂದ ಹೆಸರಾದವರು. 1996ರಿಂದ ಅವರ ವಿದ್ಯಾರ್ಥಿ ತಂಡಗಳು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತಂತ್ರಾಂಶ ಕಟ್ಟತೊಡಗಿದವು. ಗ್ರಂಥಪಾಲಕರೇ ಗಿರಾಕಿಗಳು! ಬೋಹ್ಮ್ ಒತ್ತಿ ಹೇಳುತ್ತಿದ್ದ ಸಂಗತಿ ಸರಳ: ಬಳಸುವವರಿಗೆ ತಮಗೇನು ಬೇಕೆಂದು ಮೊದಲೇ ಹೇಳಲು ಬರುವುದಿಲ್ಲ, ಕಣ್ಣಿಗೆ ಕಂಡಾಗಲೇ ಗೊತ್ತಾಗುವುದು. ಸೀರೆ ಅಂಗಡಿಗೆ ಹೋದ ನನ್ನನ್ನು ಕೇಳಿ, ನಾನೂ ಹಾಗೆಯೇ. ಆದ್ದರಿಂದ ಅರ್ಧ ಆದದ್ದನ್ನೇ ಬೇಗ ತೋರಿಸಬೇಕು, ಬೈಸಿಕೊಳ್ಳಬೇಕು, ತಿದ್ದಬೇಕು.

ಈಗ ನಿಮ್ಮಲ್ಲಿ ಒಂದು ವಿನಂತಿ. ನೀವು ಸಂಘದ ಸಮಿತಿಯಲ್ಲಿದ್ದರೆ, ಸಾಫ್ಟ್‌ವೇರ್ ಮಾಡಿಕೊಡಲು ವಿದ್ಯಾರ್ಥಿಗಳು ಬಂದರೆ, ಸಂತೋಷದಿಂದ ಬರಮಾಡಿಕೊಳ್ಳಿ. ಆದರೆ ಮೊದಲ ದಿನವೇ ಕೆಲವು ಮಾತು ಆಗಿಬಿಡಲಿ. ಖಾತೆ, ಪಾಸ್‌ವರ್ಡ್ ಎಲ್ಲ ಸಂಘದ ಹೆಸರಿನಲ್ಲಿರಲಿ. ಬಳಸುವ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆಸಿಕೊಳ್ಳಿ. ಪುಸ್ತಕಗಳ, ಸದಸ್ಯರ ಪಟ್ಟಿಯ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ಬೇರೆಯಾಗಿ ತೆಗೆದಿಡಿ. ಸದಸ್ಯರ ಫೋನ್ ನಂಬರ್ ಎಲ್ಲರ ಕೈಗೆ ಸಿಗದಂತೆ ನೋಡಿಕೊಳ್ಳಿ. ನೀವು ಹೋದ ಮೇಲೆ ಯಾರು ನೋಡಿಕೊಳ್ಳುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಮತ್ತು ನಿಮ್ಮ ಕಡೆಯಿಂದಲೂ ಒಬ್ಬರು ವಾರಕ್ಕೊಂದು ಗಂಟೆ ಅವರೊಡನೆ ಕುಳಿತುಕೊಳ್ಳಿ. ಪುಕ್ಕಟೆ ಸಿಕ್ಕಿತೆಂದು ಹುಡುಗರನ್ನೇ ನಂಬಿ ಕೂತರೆ ಕೊನೆಗೆ ಕಂಪ್ಯೂಟರಿಗೆ ಬಟ್ಟೆ ಹೊದೆಸಬೇಕಾಗುತ್ತದೆ.

ನೀವು ತಂದೆ ತಾಯಿಯಾಗಿದ್ದರೆ, ಸಿದ್ಧ ಪ್ರಾಜೆಕ್ಟಿಗೆ ದುಡ್ಡು ಕೊಡಬೇಡಿ. ಅಂಕ ಬಂದೀತು. ಆದರೆ ಎದುರಿಗೆ ಕುಳಿತ ಮನುಷ್ಯ "ಇದು ನನಗೆ ಬೇಕಾದದ್ದಲ್ಲ ಮಗಾ" ಎಂದಾಗ ಮುಖ ಸಣ್ಣದು ಮಾಡಿಕೊಳ್ಳದೆ ಮತ್ತೆ ಕೂತು ತಿದ್ದುವುದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮಾಸ್ತರರ ಗ್ರಂಥಾಲಯಕ್ಕೆ ಈ ವರ್ಷ ಮತ್ತೊಂದು ತಂಡ ಬಂದಿದೆ. ಅದರಲ್ಲಿಬ್ಬರು ಎರಡನೇ ವರ್ಷದವರು, ಅಂದರೆ ಇನ್ನೂ ಎರಡು ವರ್ಷ ಇಲ್ಲೇ ಇರುವವರು. ಮೊದಲ ವಾರ ಮಾಸ್ತರರು ಅವರಿಗೆ ಲ್ಯಾಪ್‌ಟಾಪ್ ತೆರೆಯಲು ಬಿಡಲಿಲ್ಲವಂತೆ. ಪುಸ್ತಕಕ್ಕೆ ತಾರೀಕಿನ ಮುದ್ರೆ ಒತ್ತಿಸಿದರು, ತಡ ಮಾಡಿದವರಿಗೆ ಫೋನ್ ಮಾಡಿಸಿದರು, ಪಕ್ಕದಲ್ಲಿ ಕೂರಿಸಿಕೊಂಡು 'ಅ ಆ ಇ ಈ' ಬರೆಸಿದರು. ರಿಜಿಸ್ಟರನ್ನು ಮಾತ್ರ ಅವರಿನ್ನೂ ಮುಚ್ಚಿಲ್ಲ.

ಈ ಸಲ ಉದ್ಘಾಟನೆಯ ಸುದ್ದಿ ಓದುವುದಿಲ್ಲ ಎಂದು ಮಾಸ್ತರರಿಗೆ ಹೇಳಿದ್ದೇನೆ. ಒಂದು ವರ್ಷ ಬಿಟ್ಟು ಹೋಗಿ ನೋಡಿಕೊಂಡು ಬಂದು, ಆಮೇಲೆ ಓದುತ್ತೇನೆ. ಅಲ್ಲಿಯವರೆಗೆ ನಿಮ್ಮ ಊರಿನ ಸಂಘದ ಅನುಭವವೇನಾದರೂ ಇದ್ದರೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಹಂಚಿಕೊಳ್ಳೋಣ.