ಹೊಸ ಬಡಾವಣೆಯೂ ಹಳೆ ಮೊಹಲ್ಲಾದ ನೀರೂ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಒಂದೇ ದಾವಣಗೆರೆ ಜಿಲ್ಲೆಯ ತಾಲೂಕು ಕೇಂದ್ರಗಳಾದರೂ ಅವುಗಳ ನೆಲದ ಗುಣ ಒಂದೇ ಅಲ್ಲ. ಹೊನ್ನಾಳಿಗೆ ಹೊಳೆಯ ಭಯ, ಜಗಳೂರಿಗೆ ಬರದ ಭಯ. ಚನ್ನಗಿರಿಯದು ಅಡಿಕೆಯ ಸೀಮೆ. ನ್ಯಾಮತಿಯಾದರೋ 2017ರ ಬಜೆಟ್‌ನಲ್ಲಿ ಘೋಷಣೆಗೊಂಡು ತಾಲೂಕಾದ ಊರು. ಆದರೆ ಒಂದು ದೃಶ್ಯ ನಾಲ್ಕೂ ಕಡೆ ಸಮಾನವಾಗಿದೆ. ಊರಂಚಿನ ಹೊಲದಲ್ಲಿ ಕಲ್ಲು ನೆಡಲಾಗುತ್ತದೆ, ಕಮಾನು ಏಳುತ್ತದೆ, ಬಡಾವಣೆಯ ಹೆಸರಿನ ಫಲಕ ಬರುತ್ತದೆ. ಅದರ ಪಕ್ಕದಲ್ಲೇ ನಮ್ಮ ಹಳೆಯ ಮೊಹಲ್ಲಾ ಇರುತ್ತದೆ.

ಜನರಿಗೆ ಮನೆ ಬೇಕು. ಅದನ್ನು ವಿರೋಧಿಸಲು ನಾವು ಇಲ್ಲಿ ಸೇರಿಲ್ಲ. ಹೊಸ ಬಡಾವಣೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಬಡವರಿಗೆ ಊರಿನಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ತಗ್ಗಿನ ಜಾಗ. ಪಕ್ಕದ ಗದ್ದೆ ಗದ್ದೆಯಾಗಿರುವ ತನಕ ಮಳೆಯ ನೀರನ್ನು ಅದು ಕುಡಿಯುತ್ತಿತ್ತು. ಅದೇ ಗದ್ದೆಗೆ ಮೂರಡಿ ಮಣ್ಣು ತುಂಬಿ ಎತ್ತರಿಸಿದರೆ ಆ ನೀರು ನಮ್ಮ ಓಣಿಗೆ ತಿರುಗದೆ ಇನ್ನೆಲ್ಲಿಗೆ ತಿರುಗೀತು? ನೂರಾರು ಮನೆಗಳ ಕೊಳಚೆಯನ್ನು ಒಂದೂವರೆ ಅಡಿ ಅಗಲದ ನಮ್ಮ ಚರಂಡಿಗೆ ಜೋಡಿಸಿದರೆ ಆ ಚರಂಡಿ ಉಕ್ಕುವುದು ಯಾರ ಹೊಸ್ತಿಲಿನ ಮುಂದೆ?

ಹೊನ್ನಾಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆ ತುಂಬಿ ಹರಿದಾಗ ಬಾಲರಾಜ ಘಾಟ್‌ನ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ನೀರಿಗೆ ಮೀಸಲಾದ ಜಾಗದಲ್ಲಿ ಮನುಷ್ಯ ನೆಲೆಸಬೇಕಾದ ಅನಿವಾರ್ಯತೆಯ ಬೆಲೆ ಅದು. ಜಗಳೂರಿನ ಸಮಸ್ಯೆ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ದೂರದ ನದಿಯಿಂದ ಕೊಳವೆಯಲ್ಲಿ ನೀರು ತರುವ ನಾವು, ಆಕಾಶದಿಂದ ಬಿದ್ದ ನೀರು ಕೆರೆ ಸೇರುವ ಹಳ್ಳವನ್ನೇ ನಿವೇಶನ ಮಾಡಿ ಮಾರಿದರೆ ಅದಕ್ಕೆ ಏನೆನ್ನಬೇಕು?

ಬೆಂಗಳೂರಿನ ಒಂದು ಉದಾಹರಣೆಯನ್ನು ನೋಡೋಣ. ಆಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆ ವಸತಿ, ಹೋಟೆಲು, ಕಚೇರಿಗಳ ಬೃಹತ್ ಯೋಜನೆಗಳು ತಲೆಯೆತ್ತಿದಾಗ ನಾಗರಿಕ ಸಂಘಟನೆಗಳು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದವು. 2016ರ ಮೇ ತಿಂಗಳಲ್ಲಿ ನ್ಯಾಯಮಂಡಳಿಯು ಕೆರೆಯಂಚಿನಿಂದ 75 ಮೀಟರ್ ಜಾಗವನ್ನು ಮುಟ್ಟಬಾರದೆಂದು ಆದೇಶಿಸಿತು. ನಗರದ ಮಹಾಯೋಜನೆಯಲ್ಲಿ ಇದ್ದುದು 30 ಮೀಟರ್ ಮಾತ್ರ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 75 ಮೀಟರಿನ ಆದೇಶವನ್ನು ರದ್ದುಪಡಿಸಿತು. ಮಹಾಯೋಜನೆಯಲ್ಲಿ ಬರೆದಿರುವುದನ್ನು ನ್ಯಾಯಮಂಡಳಿ ತಿದ್ದುವಂತಿಲ್ಲ ಎಂದಿತು. ಐದು ವರ್ಷಗಳ ಹೋರಾಟದ ನಂತರವೂ ನಿಂತದ್ದು ಮೊದಲೇ ನಕ್ಷೆಯಲ್ಲಿ ಬರೆಯಲ್ಪಟ್ಟಿದ್ದ ಅಂತರ. ಆದುದರಿಂದ ನಕ್ಷೆ ಬರೆಯುವ ಹೊತ್ತಿಗೇ ನಾವು ಎಚ್ಚರಾಗಬೇಕು. ಕಟ್ಟಡ ಎದ್ದ ಮೇಲೆ ಕೂಗುವುದರಿಂದ ಸಿಗುವುದು ಅಲ್ಪ.

ಆ ಹೊತ್ತು ಯಾವುದು? 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಭೂಮಿಯ ಪರಿವರ್ತನೆ ಜಿಲ್ಲಾಧಿಕಾರಿಗಳ ಅಧಿಕಾರ. ನಂತರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ವಿನ್ಯಾಸಕ್ಕೆ ಅನುಮೋದನೆ ಬೇಕು. ಮಹಾಯೋಜನೆ ಇರುವ ಕಡೆ ಭೂಬಳಕೆ ಬದಲಿಸುವುದಾದರೆ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆಗೆ ಕನಿಷ್ಠ 15 ದಿನ ಅವಕಾಶ ಕೊಡಬೇಕು. ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಆ ಪ್ರಕಟಣೆಯನ್ನು ನಮ್ಮಲ್ಲಿ ಎಷ್ಟು ಮಂದಿ ಓದುತ್ತೇವೆ? ಮದುವೆಯ ಆಮಂತ್ರಣವನ್ನು ಮೂರು ಬಾರಿ ಓದುವ ನಾವು ಇದನ್ನು ಒಮ್ಮೆಯಾದರೂ ಓದಬಾರದೇ? ಗ್ರಾಮನಕಾಶೆ ಮತ್ತು ಪಹಣಿಯನ್ನು ಪಡೆದು ನೋಡಿದರೆ ಹಳ್ಳ, ಬಂಡಿದಾರಿಗಳು ಖರಾಬು ಜಾಗವೆಂದು ದಾಖಲಾಗಿರುವುದು ಕಾಣುತ್ತದೆ. 'ಬಿ' ಖರಾಬು ಸಾರ್ವಜನಿಕರಿಗೆ ಸೇರಿದ್ದು. ಅದನ್ನು ನಿವೇಶನವಾಗಿ ಮಾರುವ ಹಕ್ಕು ಯಾರಿಗೂ ಇಲ್ಲ. ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ಇನ್ನು ಒಂದು ಅಪ್ರಿಯ ಮಾತು. ಇಂತಹ ಸಭೆಗಳಲ್ಲಿ ಚರಂಡಿಯ ಮಾತು ಮುಗಿಯುತ್ತಿದ್ದಂತೆ ಮೆಲ್ಲನೆ ಇನ್ನೊಂದು ಮಾತು ಏಳುತ್ತದೆ: 'ಅಲ್ಲಿ ಯಾರು ಯಾರೋ ಬಂದು ನೆಲೆಸುತ್ತಾರೆ, ನಮ್ಮ ವಾತಾವರಣ ಕೆಡುತ್ತದೆ.' ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿದೊಡನೆ 'ಮನೆ ಖಾಲಿ ಇಲ್ಲ' ಎಂಬ ಉತ್ತರ ಪಡೆದವರು ಈ ಸಭೆಯಲ್ಲೂ ಇದ್ದಾರೆ. ಆ ನೋವನ್ನು ಉಂಡವರು ಅದೇ ಮಾತನ್ನು ಇನ್ನೊಬ್ಬರಿಗೆ ಆಡುವುದಾದರೆ ನಮ್ಮ ಅರ್ಜಿಗೆ ಯಾವ ನೈತಿಕ ಬಲ ಉಳಿಯುತ್ತದೆ? ನಾಳೆ ಮನೆಯಿಲ್ಲದವರಿಗಾಗಿ ಸರಕಾರ ನಮ್ಮ ಪಕ್ಕದಲ್ಲೇ ನಿವೇಶನ ನೀಡಿದರೂ ನಾವು ಕೇಳಬೇಕಾದದ್ದು ಅವರಿಗೂ ನಮಗೂ ಸಾಲುವಷ್ಟು ನೀರು ಮತ್ತು ಚರಂಡಿಯನ್ನು ಮಾತ್ರ. ಬರುವವರ ಜಾತಿ, ಮತ, ಬಡತನದ ಬಗ್ಗೆ ಒಂದು ಅಕ್ಷರವೂ ನಮ್ಮ ಅರ್ಜಿಯಲ್ಲಿ ಇರಕೂಡದು.

ನಿವೇಶನ ಮಾರುವ ದಲ್ಲಾಳಿಗಳಲ್ಲಿ ನಮ್ಮವರೂ ಇದ್ದಾರೆ, ಕೊಳ್ಳುವವರಲ್ಲಂತೂ ಧಾರಾಳವಾಗಿ ಇದ್ದಾರೆ. ಗ್ಯಾರೇಜಿನಲ್ಲಿ, ಅಡಿಕೆ ಮಂಡಿಯಲ್ಲಿ ದುಡಿದು, ಚೀಟಿ ಹಾಕಿ, ಮನೆಯಾಕೆಯ ಒಡವೆ ಅಡವಿಟ್ಟು ಪರಿವರ್ತನೆಯಾಗದ ಹೊಲದ ತುಂಡನ್ನು ಕಂತಿನಲ್ಲಿ ಕೊಂಡವರ ಕಷ್ಟ ನಮಗೆ ಗೊತ್ತು. 2025ರ ಆರಂಭದಲ್ಲಿ ಸರಕಾರ ಇಂತಹ ಆಸ್ತಿಗಳಿಗೆ ಬಿ ಖಾತಾ ನೀಡುವ ಅಭಿಯಾನ ನಡೆಸಿತು. ತೆರಿಗೆ ಕಟ್ಟಲು ಅದು ಸಾಕು, ಆದರೆ ಬಿಟ್ಟುಹೋದ ಚರಂಡಿಯನ್ನು ಬಿ ಖಾತಾ ಕಟ್ಟಿಕೊಡುವುದಿಲ್ಲ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು 2016ರ ರೇರಾ ಕಾಯ್ದೆಯಡಿ ನೋಂದಾಯಿಸದೆ ಜಾಹೀರಾತು ಮಾಡುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಮುಂಗಡ ಕೊಡುವ ಮೊದಲು ಆ ನೋಂದಣಿ ಸಂಖ್ಯೆಯನ್ನು ಕೇಳಿರಿ. ಮಾರುವವನು ನಿಮ್ಮ ಭಾವಮೈದುನನೇ ಆಗಿದ್ದರೂ ಕೇಳಿರಿ.

ಅರ್ಜಿಯ ಕರಡು ಸಿದ್ಧವಾಗಿದೆ. ನಾಲ್ಕೂ ಊರುಗಳಿಗೆ ಒಂದೇ ಅರ್ಜಿ ಸಾಲದು. ಹೊನ್ನಾಳಿಯವರು ನೆರೆಯ ಮಟ್ಟವನ್ನು, ಜಗಳೂರಿನವರು ಕೆರೆಯ ಹಳ್ಳವನ್ನು, ಚನ್ನಗಿರಿ ಮತ್ತು ನ್ಯಾಮತಿಯವರು ಚರಂಡಿಯ ಕೊನೆಯನ್ನು ಸರ್ವೇ ನಂಬರಿನೊಂದಿಗೆ ಬರೆಯಲಿ. ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ಇನ್ನೊಂದು ಸ್ಥಳೀಯ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗೆ. ಎರಡಕ್ಕೂ ಸ್ವೀಕೃತಿ ಪಡೆಯಲು ಮರೆಯಬೇಡಿ. ಸಹಿಯ ಹಾಳೆ ಹೆಂಗಸರ ಸಾಲಿನಿಂದಲೇ ಆರಂಭವಾಗಲಿ, ಏಕೆಂದರೆ ನಡುರಾತ್ರಿ ಮನೆಗೆ ನುಗ್ಗಿದ ನೀರನ್ನು ಬಕೆಟ್ಟಿನಲ್ಲಿ ತೋಡಿ ಹೊರಗೆ ಚೆಲ್ಲುವವರು ಅವರೇ.