ಬರೆದಿಟ್ಟುಕೊಳ್ಳದ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರಿನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳುತ್ತಾನೆ ಎಂದು ಸಮಿತಿಯವರು ಅಂದುಕೊಂಡಿರಬಹುದು. ನಾನು ಹೇಳಹೊರಟಿರುವುದು ಒಂದು ಆಟದ ಬಗ್ಗೆ. ಭಾನುವಾರ ಬೆಳಿಗ್ಗೆ ನಾನೂ, ಇದೇ ಶಾಲೆಯ ನನ್ನ ಸಹಪಾಠಿಯೊಬ್ಬನೂ ಬೆಂಗಳೂರಿನಲ್ಲಿ ಒಂದು ತರಗತಿಗೆ ಹೋಗುತ್ತೇವೆ. ಅದಕ್ಕೆ ಇಂಪ್ರಾವ್ ಎನ್ನುತ್ತಾರೆ. ನಾವು ಆಶುನಾಟಕ ಎನ್ನಬಹುದು.

ಅಲ್ಲಿ ಬರೆದಿಟ್ಟ ಮಾತಿಲ್ಲ, ವೇಷವಿಲ್ಲ, ಪರದೆಯಿಲ್ಲ. ಯಾರೋ ಒಬ್ಬರು ಒಂದು ಪದ ಕೊಡುತ್ತಾರೆ. ಇಬ್ಬರು ಎದ್ದು ನಿಂತು ಅಲ್ಲೇ ಕಥೆ ಹುಟ್ಟಿಸಬೇಕು. ನಿಯಮ ಒಂದೇ: ಎದುರಿನವರು ಕೊಟ್ಟದ್ದನ್ನು ಒಪ್ಪಿಕೊಂಡು, ಅದಕ್ಕೆ ಇನ್ನೊಂದಷ್ಟು ಸೇರಿಸಬೇಕು. ಒಬ್ಬ ಬಂದು "ಡಾಕ್ಟ್ರೇ, ನಮ್ಮ ಹಸು ಮಾತಾಡ್ತಿದೆ" ಎಂದರೆ "ನಾನು ಡಾಕ್ಟರಲ್ಲ" ಎನ್ನುವಂತಿಲ್ಲ. "ಯಾವ ಭಾಷೇಲಿ?" ಎಂದು ಕೇಳಬೇಕು. ಇದನ್ನೇ ಈಗ ಕಂಪನಿಗಳು ಮೀಟಿಂಗ್ ಹಾಲಿನಲ್ಲಿ ಅರ್ಧ ದಿನದ ತರಬೇತಿ ಮಾಡಿ ಮುಗಿಸುತ್ತವೆ. ನನಗೆ ಅದು ರುಚಿಸುವುದಿಲ್ಲ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಶಿರಾಡಿ ಘಾಟಿಯ ಕೆಳಗಿನವರು ಮಳೆಗಾಲದಲ್ಲಿ ಕೂತು ಕೇಳುವ ತಾಳಮದ್ದಳೆಯನ್ನೇ ನೋಡಿ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಆಡುವ ಮಾತೆಲ್ಲ ಆ ಗಳಿಗೆಯಲ್ಲಿ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದು ಈ ಕಲೆಯಲ್ಲಿ. ವ್ಯತ್ಯಾಸವೂ ಇದೆ. ಅಲ್ಲಿ ಕೃಷ್ಣನೂ ಭೀಷ್ಮನೂ ಒಬ್ಬರನ್ನೊಬ್ಬರು ವಾದದಲ್ಲಿ ಕಟ್ಟಿಹಾಕಲು ನೋಡುತ್ತಾರೆ, ಅದಕ್ಕೆ ಪುರಾಣದ ಓದು ಬೇಕು. ನಮ್ಮ ಭಾನುವಾರದ ಆಟಕ್ಕೆ ಓದು ಬೇಡ, ಎದುರಿನವರ ಮಾತಿಗೆ ಕಿವಿ ಕೊಟ್ಟರೆ ಸಾಕು.

ಈ ಆಟಗಳನ್ನು ಕಟ್ಟಿದವರು ಅಮೆರಿಕದ ಶಿಕಾಗೋ ನಗರದ ವಯೋಲಾ ಸ್ಪೋಲಿನ್ ಎಂಬ ಮಹಿಳೆ. 1930ರ ದಶಕದ ಕೊನೆಯಲ್ಲಿ ಸರ್ಕಾರದ ಒಂದು ಯೋಜನೆಯಡಿ ಆಕೆ ಬಡ ಕೇರಿಗಳ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಮಕ್ಕಳು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಭಾಷೆ. ಪಾಠ ಮಾಡಿದರೆ ನಾಟದ ಮಕ್ಕಳಿಗೆ ಆಕೆ ಆಟ ಕೊಟ್ಟರು. 1963ರಲ್ಲಿ ಅವನ್ನೆಲ್ಲ ಪುಸ್ತಕ ಮಾಡಿದರು. ಇವು ಮೊದಲು ಹಾಸ್ಯ ಕಲಾವಿದರಿಗಾಗಿ ಹುಟ್ಟಿದ್ದಲ್ಲ, ಭಾಷೆ ಬಾರದೆ ಮೂಲೆ ಸೇರಿದ ಮಕ್ಕಳಿಗಾಗಿ ಹುಟ್ಟಿದ್ದು ಎಂದು ತಿಳಿದ ದಿನ ನನಗೆ ನಮ್ಮ ಶಾಲೆ ನೆನಪಾಯಿತು.

ಇನ್ನು ನನ್ನ ಸ್ನೇಹಿತನ ವಿಷಯ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಕೊನೆಯ ಸಾಲಿನಲ್ಲಿ ಕೂತಿದ್ದಾನೆ, ದಯವಿಟ್ಟು ತಿರುಗಿ ನೋಡಬೇಡಿ. ಇಲ್ಲಿದ್ದಾಗ ಅವನು ವಾಚಾಳಿ. ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಸುತ್ತ ಗುಂಪು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ. ಮೊದಲ ವಾರ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳಿದ, ತರಗತಿ ನಕ್ಕಿತು. ಉತ್ತರ ಸರಿಯಾಗಿಯೇ ಇತ್ತು. ಆಮೇಲೆ ಎರಡು ವರ್ಷ ಅವನು ಬಾಯಿ ಬಿಡಲಿಲ್ಲ. ಎಂಜಿನಿಯರಿಂಗ್ ಆಯಿತು, ಕೆಲಸವೂ ಸಿಕ್ಕಿತು. ಆಫೀಸಿನ ವಿಡಿಯೋ ಕರೆಗಳಲ್ಲಿ ಕ್ಯಾಮೆರಾವೂ ಬಂದ್, ಮೈಕೂ ಬಂದ್. ಕೆಲಸ ಚೆನ್ನಾಗಿದೆ, ಮಾತೇ ಇಲ್ಲ ಎಂದು ಬಡ್ತಿ ಬೇರೆಯವರಿಗೆ ಹೋಯಿತು. ಒಂದು ರಾತ್ರಿ ಫೋನ್ ಮಾಡಿ, "ಒಂದು ಕ್ಲಾಸ್ ಇದೆ ಕಣೋ, ಒಬ್ಬನೇ ಹೋಗೋಕೆ ಧೈರ್ಯ ಸಾಲ್ದು, ಜೊತೆಗೆ ಬಾ" ಎಂದ.

ಮೂರು ವಾರ ಅವನು ಗೋಡೆಗೆ ಒರಗಿಕೊಂಡೇ ಇದ್ದ. ನಾಲ್ಕನೆಯ ವಾರ ಕೊಟ್ಟ ಪದ ಕಾವಲುಗಾರ. ಜೊತೆಗೆ ನಿಂತವಳು ಉತ್ತರ ಭಾರತದ ಹುಡುಗಿ, ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಅವಳು ಅಪಾರ್ಟ್‌ಮೆಂಟಿನ ವಾಚ್‌ಮನ್ ಎಂದುಕೊಂಡು ಏನೋ ಶುರು ಮಾಡಿದಳು. ಇವನು ಥಟ್ಟನೆ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು, ಆಲೂರಿನ ನಮ್ಮ ಮಾತಿನಲ್ಲೇ, "ಮೆಲ್ಲಗೆ ಮಾತಾಡಿ. ಗದ್ದೇಲಿ ಮೂರಿದಾವೆ. ಒಂದಕ್ಕೆ ಮರಿ ಇದೆ" ಎಂದ. ಅವಳೂ ಕೂತಳು, ಅವನು ತೋರಿಸಿದ ಕಡೆಗೇ ನೋಡಿದಳು. ಆಮೇಲೆ ಅವನು ಪಿಸುದನಿಯಲ್ಲಿ ಹೇಳುತ್ತಾ ಹೋದ: ಭತ್ತ ಹಾಲು ತುಂಬುವ ಹೊತ್ತು, ಟಾರ್ಚ್ ಹಾಕಬಾರದು, ಅಪ್ಪ ಅಟ್ಟಣೆಯ ಮೇಲೊಬ್ಬನೇ ಇದ್ದಾನೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡು. ಐದು ನಿಮಿಷ. ಯಾರೂ ನಗಲಿಲ್ಲ, ಯಾರ ಮೊಬೈಲೂ ಸದ್ದು ಮಾಡಲಿಲ್ಲ. ಮುಗಿದ ಮೇಲೆ ಆ ಹುಡುಗಿ ಕೇಳಿದಳು, "ಮೂರು ಅಂದ್ರೆ ಏನು ಮೂರು?" ಅವನು ಹೇಳಿದ, "ಆನೆ."

ಗೊತ್ತಿಲ್ಲದೆಯೇ ಅವಳು ಜೊತೆಗೆ ಕೂತಿದ್ದಳಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿತು.

ಅವನಿಗೆ ಬಡ್ತಿ ಸಿಕ್ಕಿತೇ ಎಂದು ಕೇಳಬೇಡಿ, ಇನ್ನೂ ಇಲ್ಲ. ಮೈಕ್ ಮಾತ್ರ ಆನ್ ಆಗಿದೆ.

ನಮ್ಮ ಸೀಮೆಗೆ ರಂಗ ಹೊಸತಲ್ಲ. ಸಕಲೇಶಪುರ ತಾಲ್ಲೂಕಿನ ಬೆಳ್ಳೇಕೆರೆಯಲ್ಲಿ ತೋಟದ ಕೆಲಸಗಾರರೂ ರೈತರೂ ಸೇರಿ ನಾಟಕ ಕಟ್ಟಿದ್ದನ್ನು ಪ್ರಸಾದ್ ರಕ್ಷಿದಿಯವರು ‘ಬೆಳ್ಳೇಕೆರೆ ಹಳ್ಳಿ ಥೇಟರ್’ ಪುಸ್ತಕದಲ್ಲಿ ಬರೆದಿದ್ದಾರೆ. ಕಾಫಿ ಕೊಯ್ದು ದಣಿದು ಬಂದವರು ಸಂಜೆ ಬಣ್ಣ ಹಚ್ಚಿದ ಊರು ಇಲ್ಲೇ ಪಕ್ಕದಲ್ಲಿದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಹತ್ತನೆಯ ತರಗತಿಯ ಮಕ್ಕಳನ್ನು ಒಂದೂವರೆ ಗಂಟೆ ನಮ್ಮಿಬ್ಬರಿಗೆ ಬಿಟ್ಟುಕೊಡಿ. ಬೆಂಚು ಪಕ್ಕಕ್ಕೆ ಸರಿಸಿದ ಒಂದು ಕೊಠಡಿ ಸಾಕು, ಖರ್ಚೇನೂ ಇಲ್ಲ. ಮೊದಲು ಕನ್ನಡದಲ್ಲಿ ಆಡಿಸುತ್ತೇವೆ, ಆಮೇಲೆ ಅರ್ಧಂಬರ್ಧ ಇಂಗ್ಲಿಷಿನಲ್ಲಿ. ತಪ್ಪು ಇಂಗ್ಲಿಷಿಗೆ ಅಲ್ಲಿ ಯಾರೂ ನಗುವಂತಿಲ್ಲ, ಅದೂ ಆಟದ ನಿಯಮ. ಜೂನ್ ತಿಂಗಳಲ್ಲಿ ಬೇರೆ ಊರಿನ ಕಾಲೇಜಿನ ಬಾಗಿಲಲ್ಲಿ ನಿಲ್ಲುವ ಮುಂಚೆ ಅವರಿಗೆ ಹತ್ತು ಶನಿವಾರವಾದರೂ ಸಿಗಲಿ.

ಹೆಸರು ಕೊಡುವ ಮಕ್ಕಳು ಊಟದ ಹೊತ್ತಿಗೆ ಕೊನೆಯ ಸಾಲಿನಲ್ಲಿರುವವನನ್ನು ಕಾಣಿ. ಈಗ ತಿರುಗಿ ನೋಡಬಹುದು.