ತರಗತಿಯ ಖಾತೆ ಬೇರೆ, ತತ್ತ್ವದ ಖಾತೆ ಬೇರೆ

(ದಶಲಕ್ಷಣ ಪರ್ವದ ‘ಉತ್ತಮ ಸತ್ಯ’ ದಿನದ ಸಂಜೆ ಹೈದರಾಬಾದಿನ ಉಪ್ಪಲ್‌ನಲ್ಲಿ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದು ಉತ್ತಮ ಸತ್ಯದ ದಿನ. ಆದ್ದರಿಂದ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಭಾನುವಾರದ ಪಾಠಶಾಲೆಯಲ್ಲಿ ನಾನು ಮಕ್ಕಳಿಗೆ ಹೀಗೆ ಹೇಳಿದೆ: ‘ಒಂದು ಹನಿ ನೀರಿನಲ್ಲಿ 36,450 ಜೀವಿಗಳಿವೆಯೆಂದು ಪಾಶ್ಚಾತ್ಯ ವಿಜ್ಞಾನಿಯೊಬ್ಬ ಸೂಕ್ಷ್ಮದರ್ಶಕದಲ್ಲಿ ಎಣಿಸಿದ್ದಾನೆ, ಆದ್ದರಿಂದ ಜಿನವಾಣಿ ವಿಜ್ಞಾನಸಿದ್ಧ.’ ಬಾಲ್ಯದಲ್ಲಿ ನಾನು ಕೇಳಿದ್ದೂ ಇದನ್ನೇ, ಕಿರುಹೊತ್ತಗೆಗಳಲ್ಲಿ ಓದಿದ್ದೂ ಇದನ್ನೇ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಅಂಕಲ್, ಯಾವ ನೀರಿನ ಹನಿ? ಬಾವಿಯದೋ, ಕೆರೆಯದೋ, ನಲ್ಲಿಯದೋ? ಎಲ್ಲ ಹನಿಗಳಲ್ಲೂ ಅಷ್ಟೇ ಇರುತ್ತವೆಯೇ?’

ಇಪ್ಪತ್ತು ವರ್ಷಗಳಿಂದ ಅನ್ಯರ ಲೆಕ್ಕಪುಸ್ತಕಗಳನ್ನು ಮುಂದಿಟ್ಟುಕೊಂಡು ‘ಇದಕ್ಕೆ ವೋಚರ್ ಎಲ್ಲಿ?’ ಎಂದು ಕೇಳುತ್ತ ಬಂದವನು ನಾನು. ಆ ದಿನ ನನ್ನ ಬಳಿ ವೋಚರ್ ಇರಲಿಲ್ಲ.

ಮನೆಗೆ ಬಂದು ಯೋಚಿಸಿದಾಗ ನನ್ನ ತಪ್ಪು ಇನ್ನೂ ದೊಡ್ಡದೆಂದು ತಿಳಿಯಿತು. ನಮ್ಮ ಶಾಸ್ತ್ರದಲ್ಲಿ ಅಪ್ಕಾಯಿಕ ಜೀವವೆಂದರೆ ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಜೀವ. ನೀರಿನಲ್ಲಿ ಚಲಿಸುವ ಹುಳುಗಳು ತ್ರಸ ಜೀವಗಳು. ಬಟ್ಟೆಯಲ್ಲಿ ಸೋಸಿ ನಾವು ರಕ್ಷಿಸಲು ಯತ್ನಿಸುವುದು ಈ ತ್ರಸಗಳನ್ನು. ಸೂಕ್ಷ್ಮದರ್ಶಕದಲ್ಲಿ ಏನೇ ಚಲಿಸುತ್ತ ಕಂಡರೂ ಅದು ಅಪ್ಕಾಯಿಕ ಜೀವಕ್ಕೆ ಪುರಾವೆಯಾಗದು. ಅಂದರೆ ಆ ಒಂದು ವಾಕ್ಯದಲ್ಲಿ ನಾನು ವಿಜ್ಞಾನವನ್ನೂ ಕೆಡಿಸಿದ್ದೆ, ಶಾಸ್ತ್ರವನ್ನೂ ಕೆಡಿಸಿದ್ದೆ.

ಈ ಪ್ರಸಂಗವನ್ನು ಹೇಳಲು ಕಾರಣವಿದೆ. ನಮ್ಮ ಸಮಾಜದವರು ನಡೆಸುವ ಶಾಲೆಗಳಲ್ಲಿ ವಿಜ್ಞಾನದ ಅವಧಿಯಲ್ಲೇ ‘ಜೈನ ವಿಜ್ಞಾನ’ವನ್ನು ಕಲಿಸಬೇಕು, ಜೀವವಿಕಾಸವನ್ನು ‘ಹಲವು ಮತಗಳಲ್ಲಿ ಒಂದು’ ಎಂದು ಹೇಳಿ ಮುಗಿಸಬೇಕು ಎಂಬ ಸಲಹೆ ಈ ಕೂಟದಲ್ಲಿಯೇ ಬಂದಿದೆ. ಸಲಹೆ ಕೊಟ್ಟವರ ಸದ್ಭಾವನೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಮಾರ್ಗದಲ್ಲಿ ನಮಗಿಂತ ಮುಂಚೆ ನಡೆದವರ ಗತಿಯೇನಾಯಿತು ಎಂಬುದನ್ನು ನೋಡೋಣ.

ಅಮೆರಿಕದಲ್ಲಿ ‘ಬುದ್ಧಿಯುತ ವಿನ್ಯಾಸ’ ಎಂಬ ವಾದವಿದೆ. ಜೀವಿಗಳ ರಚನೆ ಎಷ್ಟು ಜಟಿಲವೆಂದರೆ ಅದರ ಹಿಂದೆ ಬುದ್ಧಿಯುಳ್ಳ ವಿನ್ಯಾಸಕನೊಬ್ಬ ಇರಲೇಬೇಕು ಎಂಬುದು ಅದರ ಸಾರ. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿಯು ಒಂಬತ್ತನೆಯ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ಈ ವಾದವನ್ನು ಪರಿಚಯಿಸುವ ಹೇಳಿಕೆಯನ್ನು ಓದಿಸಬೇಕೆಂದು ನಿರ್ಣಯಿಸಿತು. ಹನ್ನೊಂದು ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್, ಇದು ವಿಜ್ಞಾನವಲ್ಲವೆಂದು ತೀರ್ಪಿತ್ತರು.

ಆ ಮೊಕದ್ದಮೆಯಲ್ಲಿ ಲೆಕ್ಕಪರಿಶೋಧಕನಾದ ನನ್ನನ್ನು ಸೆಳೆದದ್ದು ಒಂದು ದಾಖಲೆ. ಮಕ್ಕಳಿಗೆ ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳನ್ನು ನ್ಯಾಯಾಲಯಕ್ಕೆ ತರಿಸಲಾಯಿತು. ಸೃಷ್ಟಿವಾದವನ್ನು ಸರಕಾರಿ ಶಾಲೆಯಲ್ಲಿ ವಿಜ್ಞಾನವೆಂದು ಕಲಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತ್ತು. ಆ ತೀರ್ಪಿನ ಹಿಂದಿನ ಕರಡಿನಲ್ಲಿ ‘ಸೃಷ್ಟಿ’ ಎಂದಿದ್ದ ಕಡೆಗಳಲ್ಲಿ ಮುಂದಿನ ಕರಡಿನಲ್ಲಿ ‘ಬುದ್ಧಿಯುತ ವಿನ್ಯಾಸ’ ಎಂದಿತ್ತು. ಒಂದೆಡೆಯಂತೂ ಹಳೆಯ ಪದ ಪೂರ್ತಿ ಅಳಿಯದೆ, ಹೊಸ ಪದ ಅದರ ನಡುವೆಯೇ ತೂರಿಕೊಂಡು ಉಳಿದಿತ್ತು. ಖಾತೆಯ ಹೆಸರು ಬದಲಾಗಿ ನಮೂದು ಹಾಗೆಯೇ ಇರುವುದನ್ನು ನಮ್ಮ ವೃತ್ತಿಯಲ್ಲಿ ಏನೆನ್ನುತ್ತಾರೆಂದು ಇಲ್ಲಿರುವ ವ್ಯಾಪಾರಸ್ಥರಿಗೆ ನಾನು ಹೇಳಬೇಕಾಗಿಲ್ಲ. ಅದೇ ವಿಚಾರಣೆಯಲ್ಲಿ ವಿನ್ಯಾಸವಾದದ ಪರ ಸಾಕ್ಷಿ ನುಡಿದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೆಹೆ, ವಿಜ್ಞಾನಕ್ಕೆ ತಾವು ಕೊಡುವ ವ್ಯಾಖ್ಯೆಯ ಪ್ರಕಾರ ಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡರು.

ಜ್ಯೋತಿಷದ ಹೆಸರು ಬಂದುದರಿಂದ ನಮ್ಮ ಉಪ್ಪಲ್ ರಸ್ತೆಗೇ ಮರಳೋಣ. ಹಬ್ಸಿಗುಡದ ಕಡೆಗೆ ಹೋಗುವಾಗ ಎದುರಾಗುವ ಸಿ.ಸಿ.ಎಂ.ಬಿ.ಯನ್ನು ನಾವೆಲ್ಲರೂ ನೋಡಿದ್ದೇವೆ. ಅದರ ಸ್ಥಾಪಕ ನಿರ್ದೇಶಕರು ಪುಷ್ಪ ಮಿತ್ರ ಭಾರ್ಗವ. 2001ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ‘ಜ್ಯೋತಿರ್ವಿಜ್ಞಾನ’ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಲ್ಲಿ ವೈದಿಕ ಜ್ಯೋತಿಷದ ವಿಭಾಗಗಳನ್ನು ತೆರೆಯಲು ಮುಂದಾದಾಗ ಅದನ್ನು ಆಂಧ್ರಪ್ರದೇಶ ಹೈಕೋರ್ಟಿನಲ್ಲಿ ಪ್ರಶ್ನಿಸಿದವರು ಅವರು. ಅಲ್ಲಿ ಸೋತರು. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಸೋತರು. ಪಠ್ಯವಿಷಯಗಳನ್ನು ನಿರ್ಣಯಿಸುವುದು ತಜ್ಞ ಸಂಸ್ಥೆಯ ಕೆಲಸ, ಅದರಲ್ಲಿ ನ್ಯಾಯಾಲಯ ಕೈಹಾಕುವುದು ಉಚಿತವಲ್ಲ ಎಂಬುದು ತೀರ್ಪಿನ ನೆಲೆ. ಇದರಿಂದ ನಾವು ಕಲಿಯಬೇಕಾದುದು ಒಂದೇ: ಡೋವರಿನ ಪೋಷಕರಿಗೆ ದೊರೆತ ರಕ್ಷಣೆ ನಮ್ಮ ಮಕ್ಕಳಿಗೆ ನ್ಯಾಯಾಲಯದಿಂದ ದೊರೆಯುತ್ತದೆಂದು ಭಾವಿಸುವಂತಿಲ್ಲ. ತರಗತಿಯ ಶುದ್ಧಿಯನ್ನು ಪೋಷಕರೂ ಶಿಕ್ಷಕರೂ ಸಮಾಜವೂ ಕಾಯಬೇಕು.

ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರಿಯ ‘ಅನುವಂಶೀಯತೆ’ಯಾಯಿತು. ಮಕ್ಕಳ ಹೊರೆ ತಗ್ಗಿಸಲು ಎಂದು ಕಾರಣ ಕೊಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಈ ವಿಷಯ ಉಳಿದಿದೆ, ನಿಜ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅಲ್ಲಿಯವರೆಗೆ ಜೀವಶಾಸ್ತ್ರ ಓದುತ್ತಾರೆ? ವಾಣಿಜ್ಯವನ್ನು ಆಯ್ದುಕೊಂಡು ನನ್ನಂತೆ ಸಿ.ಎ. ಆಗುವವರು ಇನ್ನು ಈ ಪಾಠವನ್ನು ಕೇಳದೆಯೇ ಶಾಲೆಯಿಂದ ಹೊರಬೀಳುತ್ತಾರೆ. ಕೊರೋನಾ ಕಾಲದಲ್ಲಿ ವೈರಾಣು ರೂಪ ಬದಲಿಸುತ್ತ ಹೋದಂತೆ ಅದರ ತಳಿಗಳನ್ನು ಇದೇ ಉಪ್ಪಲ್ ರಸ್ತೆಯ ಪ್ರಯೋಗಾಲಯ ಗುರುತಿಸುತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾವು ಕೇಳುತ್ತಿದ್ದ ಆ ವಾರ್ತೆ ಜೀವವಿಕಾಸದ ವಾರ್ತೆಯೇ ಆಗಿತ್ತು.

ಈಗ ನಮ್ಮ ಮನೆಯ ವಿಚಾರ. ವಿನ್ಯಾಸವಾದ ಪಶ್ಚಿಮದ ಸೊತ್ತೇನೂ ಅಲ್ಲ. ಗಡಿಗೆಯಿದ್ದರೆ ಕುಂಬಾರನಿರಬೇಕು, ಹಾಗೆಯೇ ಕಾರ್ಯರೂಪವಾದ ಜಗತ್ತಿಗೆ ಕರ್ತೃವಿರಬೇಕು ಎಂದು ನೈಯಾಯಿಕರು ಬಹುಕಾಲದಿಂದ ವಾದಿಸಿದ್ದಾರೆ. ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ ಆ ವಾದದ ಶಿಖರ. ವಿಲಿಯಂ ಪೇಲಿ ಗಡಿಯಾರದ ದೃಷ್ಟಾಂತ ಕೊಟ್ಟದ್ದು ಬಹಳ ತಡವಾಗಿ, 1802ರಲ್ಲಿ. ಈ ಕರ್ತೃವಾದವನ್ನು ಪ್ರಬಲವಾಗಿ ಖಂಡಿಸಿದವರಲ್ಲಿ ಮಾನ್ಯಖೇಟದ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದ, ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಪ್ರಮುಖರು. ಸೃಷ್ಟಿಗೆ ಮುನ್ನ ಕರ್ತೃ ಎಲ್ಲಿದ್ದನು? ಯಾವ ದ್ರವ್ಯದಿಂದ ಮಾಡಿದನು? ಕೃತಕೃತ್ಯನಾದವನಿಗೆ ಮಾಡುವ ಇಚ್ಛೆ ಏತಕ್ಕೆ? ಒಂಬತ್ತನೆಯ ಶತಮಾನದ ಆ ಪ್ರಶ್ನೆಗಳನ್ನು ಕಾರ್ಲ್ ಸೇಗನ್ 1980ರ ತಮ್ಮ ‘ಕಾಸ್ಮಾಸ್’ ಗ್ರಂಥದಲ್ಲಿ ಉದ್ಧರಿಸಿದರು. ನಾವು ಅಭಿಮಾನಪಡಲು ಇದು ಸಾಕು.

ಅಭಿಮಾನ ಸಾಕು, ಆದರೆ ಅಹಂಕಾರ ಬೇಡ. ಕರ್ತೃವಾದವನ್ನು ನಿರಾಕರಿಸಿದ ಮಾತ್ರಕ್ಕೆ ನಮ್ಮ ದರ್ಶನ ಡಾರ್ವಿನ್ನನ ಪಕ್ಷವಾಗುವುದಿಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಕ್ರಮವನ್ನು ತೋರಿಸಿ ‘ಇದೇ ವಿಕಾಸವಾದ’ ಎನ್ನುವವರಿದ್ದಾರೆ. ಅಲ್ಲ. ಒಂದು ಜೀವ ಕರ್ಮಾನುಸಾರ ಗತಿಯಿಂದ ಗತಿಗೆ ಸಂಚರಿಸುವುದು ಬೇರೆ. ಜೀವಿಸಮೂಹದ ಅನುವಂಶೀಯ ಗುಣಗಳು ತಲೆಮಾರುಗಳಲ್ಲಿ ಬದಲಾಗುವುದು ಬೇರೆ. ನಮ್ಮ ಅವಸರ್ಪಿಣಿಯಲ್ಲಿ ಮನುಷ್ಯನ ಆಯುಷ್ಯವೂ ಎತ್ತರವೂ ಇಳಿಯುತ್ತ ಬರುತ್ತವೆ. ಜಂಬೂದ್ವೀಪದ ನಕ್ಷೆಯನ್ನು ಹಿಡಿದು ಯಾವ ವಿಮಾನವೂ ಶಂಷಾಬಾದಿನಿಂದ ಹಾರುವುದಿಲ್ಲ. ಇವುಗಳಿಗೆ ದರ್ಶನದಲ್ಲಿ, ಧ್ಯಾನದಲ್ಲಿ, ಕಾವ್ಯದಲ್ಲಿ ಅರ್ಥವಿದೆ. ವಿಜ್ಞಾನದ ಪರೀಕ್ಷೆಗೆ ಇವನ್ನು ಕೂರಿಸುವುದು ಇವುಗಳಿಗೇ ಮಾಡುವ ಅನ್ಯಾಯ.

‘ಅನೇಕಾಂತವಾದಿಗಳಾದ ನಾವು ಎರಡು ಪಕ್ಷವನ್ನೂ ಕಲಿಸಬೇಕಲ್ಲವೇ?’ ಎಂದು ಕೇಳುವಿರಿ. ಸ್ಯಾದ್ವಾದ ಎಲ್ಲ ಮಾತಿಗೂ ಸಮಾನ ಅಂಕ ಕೊಡುವ ಪದ್ಧತಿಯಲ್ಲ. ‘ಸ್ಯಾತ್’ ಎಂದರೆ ಯಾವ ಅಪೇಕ್ಷೆಯಿಂದ ಎಂಬುದನ್ನು ತಿಳಿಸು ಎಂದರ್ಥ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಹೇಳದೆ ಆಡಿದ ಮಾತು ನಮ್ಮಲ್ಲಿ ಅಪೂರ್ಣ. ವಿಜ್ಞಾನದ ತರಗತಿ ಒಂದು ಕ್ಷೇತ್ರ. ಅಲ್ಲಿನ ನಯ ವೀಕ್ಷಣೆ, ಪ್ರಯೋಗ, ತಪ್ಪಾದರೆ ತಿದ್ದುವಿಕೆ. ‘ಜಗತ್ತಿಗೆ ಕರ್ತೃವಿದ್ದಾನೆಯೇ?’ ಎಂಬುದು ಇನ್ನೊಂದು ಕ್ಷೇತ್ರದ ಪ್ರಶ್ನೆ. ಅಂಗಡಿಯ ಖಾತೆಯಲ್ಲಿ ಮನೆಯ ಖರ್ಚು ಬರೆಯಬಾರದು ಎನ್ನುವಾಗ ಮನೆಯ ಖರ್ಚು ಹೀನವೆಂದು ನಾನು ಹೇಳುತ್ತಿಲ್ಲ. ಎರಡೂ ಕಲಸಿದರೆ ಲಾಭವೂ ತಿಳಿಯದು, ಸಂಸಾರವೂ ತಿಳಿಯದು.

ರಾಜಕೀಯದ ಮಾತನ್ನೂ ಮುಚ್ಚಿಡುವುದಿಲ್ಲ. 2014ರ ಜನವರಿಯಿಂದ ನಾವು ರಾಷ್ಟ್ರಮಟ್ಟದಲ್ಲಿ ಅಧಿಸೂಚಿತ ಅಲ್ಪಸಂಖ್ಯಾತರು. ವಿಜ್ಞಾನದ ತರಗತಿಯ ಬಾಗಿಲನ್ನು ಧರ್ಮಗಳಿಗೆ ತೆರೆದರೆ ಮೊದಲು ಒಳಗೆ ಬರುವುದು ಯಾರ ಸೃಷ್ಟಿಕಥೆ? ಸಂಖ್ಯಾಬಲ ಇದ್ದವರದು. ಜಿನಸೇನರು ಖಂಡಿಸಿದ ಕರ್ತೃವಾದವನ್ನೇ ನಮ್ಮ ಮಕ್ಕಳು ವಿಜ್ಞಾನವೆಂದು ಬಾಯಿಪಾಠ ಮಾಡುವ ದಿನ ಬಂದಾಗ ಆಕ್ಷೇಪಿಸಲು ನಮಗೆ ಬಾಯಿ ಇರಬೇಕು. ನಮ್ಮ ಶಾಲೆಯಲ್ಲಿ ನಾವೂ ಅದನ್ನೇ ಮಾಡಿದ್ದರೆ ಆ ಬಾಯಿ ಇರುವುದಿಲ್ಲ. ಸಂವಿಧಾನದ 30ನೆಯ ವಿಧಿ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ; 51ಎ ವಿಧಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವ ಕರ್ತವ್ಯವನ್ನೂ ವಿಧಿಸಿದೆ. ಜಮಾ ಬರೆದುಕೊಂಡು ಖರ್ಚು ಬಿಡಲಾಗದು.

ಆದ್ದರಿಂದ ಮೂರು ವಿನಂತಿಗಳು. ಮೊದಲನೆಯದು, ನಮ್ಮ ಪಾಠಶಾಲೆಯ ಹೊತ್ತಗೆಯಲ್ಲಿ ‘ವಿಜ್ಞಾನ ಸಿದ್ಧಪಡಿಸಿದೆ’ ಎಂದಿರುವ ಪ್ರತಿ ವಾಕ್ಯಕ್ಕೂ ಆಧಾರ ಹುಡುಕೋಣ, ಸಿಗದಿದ್ದರೆ ಕೈಬಿಡೋಣ. ಎರಡನೆಯದು, ಹತ್ತನೆಯ ತರಗತಿಯ ಮಕ್ಕಳಿಗೆ ಕೈಬಿಟ್ಟ ಜೀವವಿಕಾಸದ ಪಾಠವನ್ನು ಬಲ್ಲವರಿಂದ ಹೇಳಿಸೋಣ. ಬಲ್ಲವರು ಈ ರಸ್ತೆಯಲ್ಲಿಯೇ ಇದ್ದಾರೆ. ಮೂರನೆಯದು, ಉದಯನ, ಜಿನಸೇನ, ಚಾರ್ವಾಕ, ಪೇಲಿ ಎಲ್ಲರನ್ನೂ ಎದುರುಬದುರು ಕೂರಿಸುವ ತತ್ತ್ವಚರ್ಚೆಯ ತರಗತಿಯನ್ನು ತಿಂಗಳಿಗೊಮ್ಮೆ ನಡೆಸೋಣ. ವಿನ್ಯಾಸವಾದಕ್ಕೆ ಸಲ್ಲಬೇಕಾದ ಗೌರವದ ಪೀಠ ಅಲ್ಲಿದೆ. ಅದನ್ನು ಅಲ್ಲಿ ಗೆಲ್ಲಲಿ, ಅಲ್ಲಿ ಸೋಲಲಿ.

ಪ್ರಶ್ನೆ ಕೇಳಿದ ಹುಡುಗಿಗೆ ಕಳೆದ ಭಾನುವಾರ ಎಲ್ಲರ ಮುಂದೆ ‘ನಾನು ಹೇಳಿದ್ದು ತಪ್ಪಮ್ಮ’ ಎಂದೆ. ಅವಳು ಕೇಳಿದಳು: ‘ಹಾಗಾದರೆ ನೀರು ಸೋಸುವುದು ಬಿಡಬೇಕೇ, ಅಂಕಲ್?’ ‘ಬೇಡಮ್ಮ’ ಎಂದೆ. ‘ಲೆಕ್ಕ ಗೊತ್ತಿಲ್ಲದಿದ್ದರೂ ಜೀವ ಇರಬಹುದೆಂಬ ಎಚ್ಚರಕ್ಕೆ ನಾವು ಸೋಸುತ್ತೇವೆ. ಅದಕ್ಕೆ 36,450ರ ಸಹಿ ಬೇಕಾಗಿಲ್ಲ.’